ಪೋರ್ಟ್ ಆಫ್ ಸ್ಪೇನಿನ ವಿಭೂತಿ

ಕೊಳ್ಳೇಗಾಲದ ಶಾಂತರಾಜು ತನ್ನ ಜೀವಮಾನದಲ್ಲಿ ದಾಟಿದ ಅತಿ ದೊಡ್ಡ ನೀರು ಎಂದರೆ ಕಾವೇರಿ. ಅದೂ ಸೇತುವೆಯ ಮೇಲೆ, ಸರ್ಕಾರಿ ಬಸ್ಸಿನ ಕಿಟಕಿ ಪಕ್ಕ ಕೂತು. ಆದರೂ ಊರಿನಲ್ಲಿ ಸಮುದ್ರದಾಚೆಯ ಮಾತು ಬಂದರೆ ಕೊನೆಯ ಮಾತು ಅವನದೇ ಆಗಬೇಕು. ಇದಕ್ಕೆಲ್ಲ ಕಾರಣ ಅವನ ಷಡ್ಡಕ ಶಂಕರ್. ಶಾಂತರಾಜುವಿನ ಹೆಂಡತಿ ಶಿವನಂಜಮ್ಮನ ತಂಗಿ ಪದ್ಮಿನಿಯನ್ನು ಕಟ್ಟಿಕೊಂಡ ಈ ಶಂಕರ್, ವೆಸ್ಟ್ ಇಂಡೀಸ್ ಕಡೆಯ ಟ್ರಿನಿಡಾಡ್ ದ್ವೀಪದಲ್ಲಿ, ಪೋರ್ಟ್ ಆಫ್ ಸ್ಪೇನ್ ಎಂಬ ಪಟ್ಟಣದಲ್ಲಿ ಯಾವುದೋ ಕಂಪನಿಯ ಲೆಕ್ಕ ಬರೆಯುತ್ತಿದ್ದ. ಅಲ್ಲಿ ಲೆಕ್ಕ ಬರೆಯುವವನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದ. ಶಾಂತರಾಜುವಿನ ಶಾಮಿಯಾನ ಅಂಗಡಿ ತಲುಪುವಷ್ಟರಲ್ಲಿ ಇಡೀ ಪಟ್ಟಣವೇ ಅವನ ಕೈಯಲ್ಲಿರುತ್ತಿತ್ತು.

"ನಮ್ಮ ಪೋರ್ಟ್ ಆಫ್ ಸ್ಪೇನಲ್ಲಿ ಇಂಗಿಲ್ಲ ಕಣ್ರಿ" ಎನ್ನುವುದು ಶಾಂತರಾಜುವಿನ ಪಲ್ಲವಿ. ಕರೆಂಟು ಹೋದರೂ ಅದೇ, ಕಾಫಿಗೆ ಸಕ್ಕರೆ ಹೆಚ್ಚಾದರೂ ಅದೇ, ಬಾಡಿಗೆಗೆ ಕೊಟ್ಟ ಕುರ್ಚಿ ಕಾಲು ಮುರಿದುಕೊಂಡು ವಾಪಸ್ಸು ಬಂದರೂ ಅದೇ. ಅಲ್ಲಿ ಕುರ್ಚಿಯ ಕಾಲು ಮುರಿಯುವುದಿಲ್ಲವೇ ಎಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಆ ಊರು ಎಲ್ಲಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಶಾಂತರಾಜುವಿನ ಮಟ್ಟಿಗೂ ಅದು ಬಹುಕಾಲ ಸ್ಪೇನ್ ದೇಶದಲ್ಲೇ ಇತ್ತು. ಒಂದು ದಿನ ಮಗಳು ಕೋಮಲ ಅದನ್ನು ಅಲ್ಲಿಂದ ಕಿತ್ತು ಮಹಾಸಾಗರದ ಆಚೆ ದಡಕ್ಕೆ ಇಟ್ಟಳು. ಕೋಮಲ ಊರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ನೋಡದೆ ಏನನ್ನೂ ನಂಬುವವಳಲ್ಲ. ನೋಡದೆ ನಂಬುವ ಕೆಲಸವನ್ನು ಅವಳ ಪಾಲಿನದನ್ನೂ ಸೇರಿಸಿ ಅಪ್ಪನೇ ಮಾಡುತ್ತಿದ್ದ.

ಈ ಕೋಮಲಳಿಗೆ ಯಳಂದೂರಿನಿಂದ ಸಂಬಂಧವೊಂದು ಕೂಡಿಬಂದಿತ್ತು. ಹುಡುಗ ಕುಮಾರಸ್ವಾಮಿ, ಸರ್ಕಾರಿ ನೌಕರ. ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಹುಡುಗ ಹುಡುಗಿ ಎದುರುಬದುರು ಕೂತು, ಪಾಯಸ ಮುಗಿಯುವುದರೊಳಗೆ ಮೆಚ್ಚಿಕೊಂಡಿದ್ದರು. ಬಾಕಿ ಉಳಿದದ್ದು ಹುಡುಗನ ತಾತ ದೊಡ್ಡಸಿದ್ದಯ್ಯನವರ ಒಪ್ಪಿಗೆ. ಆ ಮನೆಯಲ್ಲಿ ಅವರು ಹೂಂ ಅನ್ನದೆ ಹಸುವೂ ಹಾಲಿಳಿಸುವುದಿಲ್ಲವೆಂದು ಪ್ರತೀತಿ. ಎಪ್ಪತ್ತು ದಾಟಿದ್ದರೂ ಪ್ರತಿ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುವ ಮನುಷ್ಯ. ಹೆಣ್ಣಿನ ಮನೆಯಲ್ಲಿ ದೈವಭಕ್ತಿ ಇದೆಯೋ ಇಲ್ಲವೋ, ಅವರು ನೋಡುವುದು ಇಷ್ಟೇ. ಹಿಂದೆ ಒಂದು ಮನೆಯಲ್ಲಿ ವಿಭೂತಿ ಗಟ್ಟಿಯ ಮೇಲೆ ಧೂಳು ಕೂತಿದ್ದನ್ನು ಕಂಡು, ಕಾಫಿಯನ್ನೂ ಮುಟ್ಟದೆ ಎದ್ದು ಬಂದಿದ್ದರಂತೆ. ಈ ಸುದ್ದಿ ಕಿವಿಗೆ ಬಿದ್ದ ದಿನವೇ ಶಾಂತರಾಜು ಮನೆಯ ವಿಭೂತಿ ಗಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಅರ್ಧ ಕರಗಿಸಿದ್ದ.

ಈ ಸಲದ ಶಿವರಾತ್ರಿ ಭಾನುವಾರ ಬಿತ್ತು. ಸೋಮವಾರ ಸಂಜೆ ಮುಂದಾಗಿ, ಬೆಟ್ಟದಿಂದ ವಾಪಸಾಗುತ್ತ ದೊಡ್ಡಸಿದ್ದಯ್ಯನವರು ಮೊಮ್ಮಗನ ಸಮೇತ ಕೊಳ್ಳೇಗಾಲದಲ್ಲಿ ಬಸ್ಸಿಳಿದು ಶಾಂತರಾಜುವಿನ ಮನೆಗೆ ಬಂದರು. ಮಾರನೆಯ ದಿನ ಅಮಾವಾಸ್ಯೆ, ಇಂಥ ಹೊತ್ತಿನಲ್ಲಿ ಹೆಣ್ಣು ನೋಡುವ ಹಾಗಿಲ್ಲ. ಆದ್ದರಿಂದ ಅವರು ನೀರು ಕುಡಿಯಲು ಬಂದಿದ್ದರು. ನೀರು ಕುಡಿಯಲು ಬರುವವರಿಗೆಂದು ಶಿವನಂಜಮ್ಮ ಒಬ್ಬಟ್ಟು, ಕೋಸಂಬರಿ, ಚಿತ್ರಾನ್ನ ಮಾಡಿಟ್ಟಿದ್ದಳು. ನೀರು ತಂದುಕೊಡಲೆಂದು ಕೋಮಲ ರೇಷ್ಮೆ ಸೀರೆ ಉಟ್ಟಿದ್ದಳು.

ಹಿರಿಯರು ಒಬ್ಬಟ್ಟು ಮುರಿಯುತ್ತ ಮಾತು ತೆಗೆದರು. "ಮನೇಲಿ ಪೂಜೆ ಪುನಸ್ಕಾರ ಎಲ್ಲ ನಡೀತದಾ ಶಾಂತರಾಜಪ್ಪ?"

"ನಮ್ದಿರ್ಲಿ ಬುಡಿ ಯಜಮಾನ್ರೆ" ಎಂದ ಶಾಂತರಾಜು. "ಪೋರ್ಟ್ ಆಫ್ ಸ್ಪೇನಲ್ಲಿರೋ ನಮ್ಮ ಷಡ್ಡಕನೇ ಬುಟ್ಟಿಲ್ಲ. ಅಲ್ಲಿ ವರ್ಷವರ್ಷ ಊರಬ್ಬ ಆಯ್ತದಲ್ಲ, ಅದ್ಕೆ ನಮ್ಮೋನೇ ಮುಂದಾಳು."

ಇದಕ್ಕೆ ಅವನ ಬಳಿ ಇದ್ದ ಆಧಾರವೆಂದರೆ, ಈ ವಾರ ಊರಿಗೆಲ್ಲ ಹಬ್ಬ, ಕಂಪನಿಗೆ ರಜೆ ಎಂದು ಪದ್ಮಿನಿ ಹೇಳಿದ್ದು. ಅಷ್ಟರಲ್ಲಿ ಅವನ ಮೊಬೈಲು ಟಿಂಗೆಂದಿತು. ಪದ್ಮಿನಿಯೇ ಫೋಟೋ ಕಳಿಸಿದ್ದಳು. "ನೋಡಿ, ಗಂಟೆ ಒಡ್ದಂಗೆ ಬಂತು" ಎನ್ನುತ್ತ ಶಾಂತರಾಜು ಅದನ್ನು ತಾನು ನೋಡದೆಯೇ ಹಿರಿಯರ ಮುಂದೆ ಹಿಡಿದ. ಇಡೀ ಕಥೆಯಲ್ಲಿ ಅವನು ಮಾಡಿದ ತಪ್ಪು ಇದೊಂದೇ. ಮಿಕ್ಕದ್ದೆಲ್ಲ ಈ ತಪ್ಪಿನ ಮಕ್ಕಳು ಮೊಮ್ಮಕ್ಕಳು.

ಫೋಟೋದಲ್ಲಿ ಶಂಕರ್ ಇದ್ದ. ಮೈಮೇಲೆ ಅಂಗಿ ಇರಲಿಲ್ಲ. ನೆತ್ತಿಯಿಂದ ಸೊಂಟದವರೆಗೆ ಒಂದಿಂಚು ಜಾಗ ಬಿಡದೆ ಬೂದು ಬಣ್ಣ. ಕಣ್ಣು ಕೆಂಡದ ಹಾಗೆ. ಎರಡೂ ಕೈ ಆಕಾಶಕ್ಕೆ. ಅವನ ಹಿಂದೆ ನೂರಾರು ಜನ, ಎಲ್ಲರ ಮೈಯೂ ಅದೇ ಬಣ್ಣ, ಎಲ್ಲರ ಕೈಯೂ ಮೇಲೆ. ಒಂದಷ್ಟು ಜನ ಕಬ್ಬಿಣದ ಡ್ರಮ್ಮುಗಳನ್ನು ಬಾರಿಸುತ್ತಿದ್ದರು. ಹಿರಿಯರ ಬೆರಳು ಎಲ್ಲೋ ತಗುಲಿ, ಫೋಟೋದ ಕೆಳಗಿದ್ದ ಪದ್ಮಿನಿಯ ಧ್ವನಿ ಮನೆತುಂಬ ಮೊಳಗಿತು. "ಭಾವ, ರಾತ್ರಿಯೆಲ್ಲ ಯಾರೂ ಮಲಗಿಲ್ಲ. ಇಲ್ಲಿ ಈಗ ಬೆಳಕರೀತಾ ಅದೆ. ನಮ್ಮೋರು ಕೋಳಿ ಕೂಗೋಕ್ ಮುಂಚಿಂದ ಬೀದೀಲಿ ಕುಣೀತಾನೇ ಅವ್ರೆ. ಊರಿಗೂರೇ ಕುಣೀತಾ ಅದೆ. ವರ್ಷಕ್ಕೊಂದ್ಸಲ ತಾನೆ."

ದೊಡ್ಡಸಿದ್ದಯ್ಯನವರು ಒಬ್ಬಟ್ಟು ಕೆಳಗಿಟ್ಟರು. "ಮೈಗೆಲ್ಲ ಅದೇನು ಬಳ್ಕಂಡಿರೋದು?"

ಶಾಂತರಾಜು ಆಗಷ್ಟೇ ಫೋಟೋ ನೋಡಿದ. ಅವನ ಎದೆ ಧಸಕ್ಕೆಂದಿತು. ಆದರೆ ಅವನ ಬಾಯಿಗೂ ಎದೆಗೂ ಹುಟ್ಟಿದಾಗಿನಿಂದ ಮಾತುಕತೆ ಇರಲಿಲ್ಲ. ಬಾಯಿ ತನ್ನ ಪಾಡಿಗೆ ಹೇಳಿತು: "ವಿಭೂತಿ."

ನ್ಯಾಯವಾಗಿ ನೋಡಿದರೆ ಇದರಲ್ಲಿ ಅವನ ತಪ್ಪೇನೂ ಹೆಚ್ಚಿಲ್ಲ. ಶಿವರಾತ್ರಿಯ ಮಾರನೇ ದಿನ, ರಾತ್ರಿಯೆಲ್ಲ ನಿದ್ದೆಗೆಟ್ಟು, ಮೈಗೆ ಬೂದಿ ಮೆತ್ತಿಕೊಂಡು, ಕೈ ಮೇಲೆತ್ತಿ ಕುಣಿಯುತ್ತ ಬರುವವರನ್ನು ತೋರಿಸಿ, ಬೆಟ್ಟಕ್ಕೆ ಹೋಗುವ ಹನೂರು ರಸ್ತೆಯ ಮಕ್ಕಳನ್ನು ಕೇಳಿದರೂ ಇನ್ನೇನು ಹೇಳಿಯಾವು? ಹಿರಿಯರ ಕಣ್ಣಲ್ಲಿ ನೀರು ಬಂತು. ಮೊಬೈಲನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡರು.

"ಏಳು ಸಮುದ್ರದಾಚೆಗೆ ಓದ್ರೂ ಜಾಗರಣೆ ಬುಟ್ಟಿಲ್ವಲ್ಲ, ಶಿವನೇ. ನಮ್ಮ ಬೀದಿ ಐಕ್ಳು ಶಿವರಾತ್ರೀಲಿ ಮೊಬೈಲ್ ನೋಡ್ಕಂಡು ಜಾಗರಣೆ ಮಾಡ್ತವೆ. ಇಂಥ ಮನೆ ಹೆಣ್ಣು ನಮ್ಮನೆ ತುಂಬೋಕೆ ಪುಣ್ಯ ಮಾಡಿರ್ಬೇಕು. ನಂಗ್ ಒಪ್ಪಿಗೆ."

ಇಲ್ಲಿಗೆ ಸುಮ್ಮನಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಶಾಂತರಾಜು ಸುಮ್ಮನಿರುವ ಪೈಕಿಯವನಲ್ಲ. "ನಮ್ಮ ಮನೆತನದ ಪದ್ಧತಿ ಯಜಮಾನ್ರೆ" ಎಂದ. "ಶುಭಕಾರ್ಯಕ್ಕೆ ಮುಂಚೆ ನಮ್ಮ ಹಿರೀಕರೆಲ್ಲ ಇಂಗೇ ಮೈಗೆ ಬಳ್ಕಂಡು ಕುಣೀತಿದ್ರು." ಒಳಮನೆಯ ಬಾಗಿಲಲ್ಲಿ ನಿಂತಿದ್ದ ಶಿವನಂಜಮ್ಮ ಗಂಡನ ಹಿರೀಕರನ್ನು ಚೆನ್ನಾಗಿ ಬಲ್ಲವಳು. ಅವರು ಕುಣಿದದ್ದೇನೋ ನಿಜ, ಕಾರಣ ಬೇರೆ ಇತ್ತು. ಅವಳು ತುಟಿ ಕಚ್ಚಿಕೊಂಡು ಅಡಿಗೆಮನೆಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಪುಟ್ಟಮಾದಪ್ಪನ ಹೋಟೆಲಿನಲ್ಲಿ ಇದೇ ಮಾತು. ಪೇಟೆ ಕೆಲಸಕ್ಕೆ ಬಂದಿದ್ದ ಅಜ್ಜೀಪುರದವರೊಬ್ಬರು, ಶಾಗ್ಯದವರೊಬ್ಬರು, ಒಡೆಯರಪಾಳ್ಯಕ್ಕೆ ಮೆಕ್ಕೆಜೋಳದ ಲೋಡಿಗೆ ಹೊರಟಿದ್ದ ಲಾರಿ ಡ್ರೈವರೊಬ್ಬ, ಎಲ್ಲರೂ ಶಾಂತರಾಜುವಿನ ಸುತ್ತ ಟೀ ಆರಿಸಿಕೊಂಡು ಕೂತಿದ್ದರು.

"ಅಲ್ಲ ಕಣ್ಲಾ, ಮಾದಪ್ಪ ಅಲ್ಲಿಗೆ ಹೆಂಗ್ ಓದ?" ಎಂದರು ಶಾಗ್ಯದವರು.

"ಹೆಂಗ್ ಓಗ್ತಾನೆ, ಹುಲಿ ಮೇಲೆ" ಎಂದರು ಅಜ್ಜೀಪುರದವರು.

"ನಡುವೆ ಸಮುದ್ರ ಅದಲ್ಲಪ್ಪ."

"ಹುಲಿ ಈಜ್ತದೆ" ಎಂದ ಲಾರಿ ಡ್ರೈವರು. "ನಾನೇ ಕಂಡಿವ್ನಿ, ಪಾಲಾರ್ ಹೊಳೇಲಿ."

"ಪಾಲಾರ್ ಹೊಳೆಗೂ ಸಮುದ್ರಕ್ಕೂ ವ್ಯತ್ಯಾಸ ಇಲ್ವೇನ್ಲಾ? ಉಪ್ಪುನೀರು ಹುಲಿಗ್ ಆಗಾಕಿಲ್ಲ."

ಈ ವಿಷಯ ತೀರ್ಮಾನವಾಗದೆ ಇನ್ನೊಂದು ಸುತ್ತು ಟೀ ಬಂತು. ಅದರ ಜೊತೆಗೇ ಶಿವರುದ್ರಸ್ವಾಮಿಯೂ ಬಂದ. ಇವನು 'ಅಖಿಲ ವಿಶ್ವ ಸಂಸ್ಕೃತಿ ಸಂರಕ್ಷಣಾ ವೇದಿಕೆ'ಯ ಸಂಸ್ಥಾಪಕ ಅಧ್ಯಕ್ಷ. ವೇದಿಕೆಯಲ್ಲಿ ಇನ್ನೊಬ್ಬ ಸದಸ್ಯನಿರಲಿಲ್ಲ. ಊರಲ್ಲಿ ಯಾರೇ ಹುಟ್ಟಲಿ, ಸಾಯಲಿ, ಪಾಸಾಗಲಿ, ಇವನ ಫ್ಲೆಕ್ಸು ಕಟ್ಟಲೇಬೇಕು. ಫ್ಲೆಕ್ಸಿನಲ್ಲಿ ಹುಟ್ಟಿದವರ ಮುಖ ಅಂಗೈಯಷ್ಟು, ಇವನ ಮುಖ ಮೊರದಷ್ಟು.

"ಶಾಂತರಾಜು, ಇದು ನಿಮ್ಮೊಬ್ಬರ ಮನೆ ವಿಷಯ ಅಲ್ಲ, ನಾಡಿನ ವಿಷಯ" ಎಂದ ಶಿವರುದ್ರಸ್ವಾಮಿ. "ನೀವು ಸುಮ್ನೆ ಇರಿ, ಮಿಕ್ಕಿದ್ದು ವೇದಿಕೆ ನೋಡ್ಕತದೆ." ಶಾಂತರಾಜುವಿಗೆ ಎದೆ ಉಬ್ಬಿತು. ಆ ದಿನ ಅವನ ಟೀಗೆ ಪುಟ್ಟಮಾದಪ್ಪ ಕಾಸು ಕೇಳಲಿಲ್ಲ.

ಅದೇ ಸಂಜೆ ಪದ್ಮಿನಿಯಿಂದ ಇನ್ನಷ್ಟು ಫೋಟೋ ಬಂದವು. ಈ ಸಲ ಶಂಕರ್ ಬೆನ್ನಿಗೆ ಆಳೆತ್ತರದ ನವಿಲುಗರಿ ಕಟ್ಟಿಕೊಂಡಿದ್ದ. ಒಬ್ಬ ಮಾಳಿಗೆಯೆತ್ತರದ ಮರಗಾಲಿನ ಮೇಲೆ ನಿಂತಿದ್ದ. ಶಂಕರನ ಮಗ್ಗುಲಲ್ಲಿ ಒಬ್ಬಾಕೆ ಇದ್ದಳು. ಆಕೆಯ ಮೈಮೇಲೆ ಮಿಣುಕುವ ಮಣಿ ಬಿಟ್ಟರೆ ಬಟ್ಟೆಯೆಂದು ಕರೆಯಬಹುದಾದದ್ದು ಕರವಸ್ತ್ರದಷ್ಟೂ ಇರಲಿಲ್ಲ. ಶಾಂತರಾಜು ಬೆವತು ಪದ್ಮಿನಿಗೆ ಫೋನ್ ಹಚ್ಚಿದ.

"ಭಾವ, ಇದು ಕಾರ್ನಿವಲ್" ಎಂದಳು ಪದ್ಮಿನಿ. "ಸೋಮವಾರ ಬೆಳಗಿನ ಜಾವ ಎಲ್ಲಾರೂ ಕೆಸ್ರು ಬಳ್ಕಂಡು ಬೀದಿಗಿಳೀತಾರೆ. ಮಂಗಳವಾರ ಗರಿ ಕಟ್ಕಂಡು ಮೆರವಣಿಗೆ. ಎಣ್ಣೆ ಡ್ರಮ್ಮಲ್ಲೇ ವಾದ್ಯ ಮಾಡ್ಕಂಡವ್ರೆ, ಕೇಳೋಕೆ ಬಲೇ ಚೆಂದ."

"ಕೆಸ್ರು ಅಂದ್ರೆ?"

"ಕೆಸ್ರು ಅಂದ್ರೆ ಕೆಸ್ರು ಭಾವ. ಮಣ್ಣು, ನೀರು."

"ವಿಭೂತಿ ಒಸಿನಾರೂ ಬೆರ್ಸಿರಾಕಿಲ್ವಾ?"

"ಕೋಕೋ ಪುಡಿ ಬೆರ್ಸಿದ್ರು. ನಮ್ಮೋರು ರಮ್ಮೂ ಒಸಿ ಜಾಸ್ತಿ ಕುಡಿದ್ರು, ಅಕ್ಕನಿಗೆ ಯೋಳ್ಬೇಡಿ."

ಶಾಂತರಾಜು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಅಲ್ಲಿ ಶಿವರಾತ್ರಿ ಅನ್ನೋದೇ ಇಲ್ವೇನಮ್ಮ?"

"ಯಾಕಿಲ್ಲ, ದೇವಸ್ಥಾನದಲ್ಲಿ ಮಾಡ್ತಾರೆ. ನಾನ್ ಓಗಿದ್ದೆ. ನಮ್ಮೋರು ಬರ್ಲಿಲ್ಲ, ಕೆಸ್ರಿಗೆ ಓಗ್ಬೇಕು ಅಂತ. ನಾಳೆ ಬುಧವಾರ ಎಲ್ಲ ಮುಗೀತದೆ. ಚರ್ಚಲ್ಲಿ ಎಲ್ಲರ ಹಣೆಗೂ ಬೂದಿ ಇಡ್ತಾರೆ."

"ಏನಂದೆ? ಬೂದಿ?" ಶಾಂತರಾಜುವಿಗೆ ಹೋದ ಜೀವ ಬಂತು. "ಹಣೆಗೆ ಬೂದಿ ಅಂದ್ರೆ ವಿಭೂತಿನೇ ತಾನೆ? ಅಂಗಾದ್ರೆ ನಾನ್ ಯೋಳಿದ್ದು ಎಲ್ಡು ದಿನ ಮುಂಚೆ ಆಯ್ತು, ಅಷ್ಟೇಯ."

ಫೋನಿಡುವಾಗ ಬಾಗಿಲಲ್ಲಿ ಹೆಂಡತಿ ಮಗಳು ಇಬ್ಬರೂ ನಿಂತಿದ್ದರು. "ಅಷ್ಟೇಯ ಅಂತೆ, ಅಷ್ಟೇಯ" ಎಂದಳು ಶಿವನಂಜಮ್ಮ. "ಕೆಸ್ರಿಗೆ ವಿಭೂತಿ ಅಂದ ಬಾಯ್ಗೆ ಏನಾಕ್ಬೇಕು? ನಾಳೇನೇ ಯಳಂದೂರಿಗೆ ಓಗಿ ತಪ್ಪಾಯ್ತು ಅಂತ ಒಪ್ಕಳಿ."

"ಒಪ್ಕಂಡ್ರೆ ಸಂಬಂಧ ಮುರೀತದೆ ಕಣೆ. ಧೂಳು ಕೂತದ್ದಕ್ಕೇ ಕಾಫಿ ಬುಟ್ಟು ಓದ ಮನುಷ್ಯ."

"ನಾನ್ ಹೇಳ್ಲಾ ಅಪ್ಪ?" ಎಂದಳು ಕೋಮಲ.

"ನೀನ್ ಬಾಯ್ ಮುಚ್ಕಂಡಿರು. ಇದು ದೊಡ್ಡೋರ ವಿಷಯ." ಕೋಮಲ ಬಾಯಿ ಮುಚ್ಚಿಕೊಂಡೇ ಮೊಬೈಲು ತೆಗೆದುಕೊಂಡು ತಾರಸಿಗೆ ಹೋದಳು. ಶಾಂತರಾಜು ಅದನ್ನು ಗಮನಿಸಲಿಲ್ಲ. ಅವನು ಬೂದಿಯ ಸಂತೋಷದಲ್ಲಿದ್ದ.

ಮೂರು ದಿನ ಕಳೆದು ಯಳಂದೂರಿನಿಂದ ಬುಲಾವು ಬಂತು: ಹಬ್ಬದ ಮಿಕ್ಕ ಫೋಟೋ ತರಬೇಕಂತೆ. ದೊಡ್ಡಸಿದ್ದಯ್ಯನವರು ಜಗಲಿಯ ಮೇಲೆ ಕನ್ನಡಕ ಏರಿಸಿ ಕೂತಿದ್ದರು. ಪಕ್ಕದಲ್ಲಿ ಕುಮಾರಸ್ವಾಮಿ ಸೂರು ನೋಡುತ್ತ ನಿಂತಿದ್ದ. ಶಾಂತರಾಜು ಬಸ್ಸಿನಲ್ಲೇ ಎಲ್ಲದಕ್ಕೂ ಉತ್ತರ ಹೊಸೆದುಕೊಂಡು ಬಂದಿದ್ದ.

"ಈ ಗರಿ ಏನಪ್ಪ?"

"ಕಾವಡಿ ಯಜಮಾನ್ರೆ. ತಮಿಳುನಾಡ್ ಕಡೆಯಿಂದ ಓದೋರೂ ಅಲ್ಲಿ ಅವ್ರೆ."

"ಈ ಮರಗಾಲು?"

"ಹರಕೆ. ನೆಲ ಮುಟ್ದೆ ಬತ್ತೀನಿ ಅಂತ ಕಟ್ಕಂಡಿರೋದು."

"ನಿನ್ನ ಹೆಬ್ಬೆಟ್ಟು ಯಾಕೆ ಅಲ್ಲೇ ಅದೆ?"

ಶಾಂತರಾಜುವಿನ ಹೆಬ್ಬೆಟ್ಟು ಶಂಕರನ ಮಗ್ಗುಲಲ್ಲಿದ್ದಾಕೆಯ ಮಾನ ಕಾಯುತ್ತಿತ್ತು. "ಉಳುಕದೆ ಯಜಮಾನ್ರೆ, ಮಡಿಸಾಕಾಯ್ತಿಲ್ಲ."

"ಬೆಟ್ಟು ಉಳುಕಿರೋನು ಬಸ್ಸಲ್ಲಿ ಕಂಬಿ ಹೆಂಗ್ ಹಿಡ್ಕಂಡ್ ಬಂದೆ?"

"ಸೀಟ್ ಸಿಕ್ತು."

ಕುಮಾರಸ್ವಾಮಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಒಳಗೆ ಹೋದ. ಹಿರಿಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಅಲ್ಲ ಬೀಗ್ರೆ, ಕೇಳ್ತೀನಿ ಅಂತ ಬೇಜಾರಾಗ್ಬೇಡ. ಅವತ್ತು ಅವ್ರು ಮೈಗೆ ಬಳ್ಕಂಡಿದ್ದು ವಿಭೂತಿನೇ ತಾನೆ? ಬೇರೆ ಏನಾರ ಇದ್ರೆ ಈಗ್ಲೇ ಯೋಳ್ಬುಡು."

ಎಂಥ ಅವಕಾಶ. ಬಾಗಿಲು ತೆರೆದು, ರಂಗೋಲಿ ಹಾಕಿ ಕರೆದಂತಿತ್ತು. ಶಾಂತರಾಜುವಿನ ಎದೆ ಹೇಳು ಎಂದಿತು. ಬಾಯಿ ಎಂದಿನಂತೆ ತನ್ನ ದಾರಿ ಹಿಡಿಯಿತು. "ವಿಭೂತಿನೇ ಯಜಮಾನ್ರೆ. ಶುದ್ಧ ವಿಭೂತಿ."

"ಅಂಗಾದ್ರೆ ಆಯ್ತು" ಎಂದರು ದೊಡ್ಡಸಿದ್ದಯ್ಯನವರು. "ನಿಮ್ಮ ಮನೆತನದ ಪದ್ಧತಿ ಅಂದ್ಯಲ್ಲ. ವೀಳ್ಯದ ಶಾಸ್ತ್ರದ ದಿನ ಬೆಳಿಗ್ಗೆ ನೀನೂ ಅಂಗೇ ಮಾಡು. ನಿಮ್ಮ ಬೀದಿ ತುದಿಯಿಂದ ಮನೆ ಬಾಗಿಲ ತನಕ ಕುಣ್ಕಂಡ್ ಬಾ. ಆಮೇಲೆ ವೀಳ್ಯ. ಪದ್ಧತಿ ಬುಟ್ಟ ಮನೆ ಹೆಣ್ಣು ನಾವ್ ತರಾಕಿಲ್ಲ. ವಿಭೂತಿ ನಾನೇ ತತ್ತೀನಿ, ನೀನ್ ತೊಂದ್ರೆ ತಕಬೇಡ."

ಶಾಂತರಾಜು ವಾಪಸ್ಸು ಬರುವ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದ. ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಹಾಲು ತರಲೂ ಹೋಗದವನು ಅವನು.

ವೀಳ್ಯದ ವಾರ ಊರು ಎದ್ದು ಕೂತಿತು. ಶಿವರುದ್ರಸ್ವಾಮಿಯ ಫ್ಲೆಕ್ಸು ಬೀದಿಗೆ ಅಡ್ಡಲಾಗಿ ಏರಿತು: 'ಪುರಾತನ ಕೆರಿಬಿಯನ್ ಶೈವ ಪರಂಪರೆಯ ಭಸ್ಮ ಕುಣಿತ'. ಅದರಲ್ಲಿ ಶಿವರುದ್ರಸ್ವಾಮಿಯ ಮುಖ ಮೊರದಷ್ಟು, ಶಂಕರನದು ತಟ್ಟೆ ಇಡ್ಲಿಯಷ್ಟು, ಶಾಂತರಾಜುವಿನದು ಒಂದು ಮೂಲೆಯಲ್ಲಿ ಸಾಂಬಾರಿನ ಬಟ್ಟಲಷ್ಟು. ರಸ್ತೆ ಗುತ್ತಿಗೆದಾರನೊಬ್ಬನಿಂದ ಡಾಂಬರಿನ ಖಾಲಿ ಡ್ರಮ್ಮುಗಳು ಬಂದವು. ಹಬ್ಬ ಹರಿದಿನಗಳ ಪಟ್ಟಿ ಮಾಡುವ ಸಾಹೇಬರೊಬ್ಬರು ಕಚೇರಿಯಿಂದ ಜೀಪಿನಲ್ಲಿ ಬಂದು ಶಾಂತರಾಜುವಿನ ಅಂಗಡಿಯಲ್ಲೇ, ಅವನದೇ ಬಾಡಿಗೆ ಕುರ್ಚಿಯ ಮೇಲೆ ಕೂತರು.

"ಈ ಆಚರಣೆ ಎಷ್ಟು ವರ್ಷದಿಂದ ನಡ್ಕೊಂಡು ಬಂದಿದೆ?"

"ಬರೋ ಭಾನುವಾರದಿಂದ ಸಾ" ಎಂದ ಶಾಂತರಾಜು. ದಣಿವಿಗೆ ಒಂದು ನಿಜ ಬಾಯಿಂದ ಜಾರಿತ್ತು.

ಸಾಹೇಬರು ತಲೆ ಎತ್ತದೆ 'ಅನಾದಿ ಕಾಲದಿಂದ' ಎಂದು ಬರೆದುಕೊಂಡರು. "ದೇವರ ಹೆಸರು?" ಎಂದು ಕೇಳಿ, ಇವನು ಉಗುಳು ನುಂಗುವುದರೊಳಗೆ 'ಗ್ರಾಮದೇವತೆ' ಎಂದೂ ಬರೆದು, ಮಜ್ಜಿಗೆ ಕುಡಿದು ಎದ್ದರು. ಊರಿನ ಹುಡುಗರೆಲ್ಲ ಮೊಬೈಲಿನಲ್ಲಿ ಕಾರ್ನಿವಲ್ಲಿನ ವಿಡಿಯೋವನ್ನು ಕರವಸ್ತ್ರದಾಕೆಯ ಸಮೇತ ನೋಡಿ ಮುಗಿಸಿದ್ದರು. ಆದರೆ ಡ್ರಮ್ಮು ಬಾರಿಸುವುದಕ್ಕೆ ಸಿಕ್ಕ ಅವಕಾಶ ಕಳೆದುಕೊಳ್ಳಲು ಯಾವನಿಗೂ ಮನಸ್ಸಿರಲಿಲ್ಲ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೀದಿ ತುದಿಯಲ್ಲಿ ಜನವೋ ಜನ. ದೊಡ್ಡಸಿದ್ದಯ್ಯನವರು ಟೆಂಪೋದಿಂದ ಇಳಿದರು. ಹಿಂದೆಯೇ ಕುಮಾರಸ್ವಾಮಿ ಎರಡು ದೊಡ್ಡ ಬಕೆಟ್ಟು ಇಳಿಸಿದ. ಮೇಲೆ ಬಾಳೆಲೆ ಮುಚ್ಚಿತ್ತು. ಹಿರಿಯರು ಎಲೆ ಸರಿಸಿದರು.

ಒಳಗಿದ್ದದ್ದು ಕೆರೆಯ ಹೂಳು. ಕಪ್ಪಗೆ, ಮೆತ್ತಗೆ, ಎಮ್ಮೆ ಹೊರಳಿದ ಗುರುತಿನ ಸಮೇತ ಇತ್ತು. ಒಂದು ಸಣ್ಣ ಸಿಂಬಳದ ಹುಳು ಬಕೆಟ್ಟಿನ ಅಂಚು ಹತ್ತುವ ಪ್ರಯತ್ನದಲ್ಲಿತ್ತು. ವಾಸನೆ ಮುಂದಿನ ಸಾಲಿನವರಿಗೆ ಮೊದಲು ತಲುಪಿ, ಕ್ರಮವಾಗಿ ಹಿಂದಕ್ಕೆ ಹೋಯಿತು.

"ನೋಡು ಬೀಗ್ರೆ" ಎಂದರು ಹಿರಿಯರು, ಇಡೀ ಬೀದಿಗೆ ಕೇಳುವಂತೆ. "ಫೋಟೋದಲ್ಲಿ ಇದ್ದಂಗೇ ಅದೆ. ವಿಭೂತಿ ತಾನೆ?"

ಶಾಂತರಾಜು ಬಕೆಟ್ಟು ನೋಡಿದ. ಬಾಗಿಲಲ್ಲಿ ರೇಷ್ಮೆ ಸೀರೆಯಲ್ಲಿ ನಿಂತ ಮಗಳನ್ನು ನೋಡಿದ. ಇದು ಕೆಸರು ಎಂದರೆ ಫೋಟೋದ್ದೂ ಕೆಸರು, ಅದು ಕೆಸರಾದರೆ ವೀಳ್ಯ ಇಲ್ಲ. "ವಿಭೂತಿನೇ ಯಜಮಾನ್ರೆ" ಎಂದ, ಅವನಿಗೇ ಕೇಳದಷ್ಟು ಸಣ್ಣ ದನಿಯಲ್ಲಿ.

"ಆಹಾ, ಏನು ಪರಿಮಳ" ಎಂದ ಶಿವರುದ್ರಸ್ವಾಮಿ. ಪಟ್ಟಿ ಹಿಡಿದು ಮತ್ತೆ ಬಂದಿದ್ದ ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡೇ "ದೈವಿಕ, ದೈವಿಕ" ಎಂದರು. ಮೊದಲ ಬೊಗಸೆ ನೆತ್ತಿಯ ಮೇಲೆ ಬಿತ್ತು. ಕುಮಾರಸ್ವಾಮಿ ಭಾವೀ ಮಾವನ ಬೆನ್ನಿಗೆ ಬಹಳ ಶ್ರದ್ಧೆಯಿಂದ ಬಳಿದ. ಹುಡುಗರು ಡಾಂಬರು ಡ್ರಮ್ಮಿಗೆ ಕೋಲಿಟ್ಟರು. "ಉಘೇ ಮಾದಪ್ಪ" ಎಂದು ಯಾರೋ ಕೂಗಿದರು. ಶಾಂತರಾಜು ಕುಣಿದ.

ಹೆಂಗಸರು ಅವನ ದಾರಿಗೆ ನೀರು ಹಾಕಿದರು, ಅದರಲ್ಲಿ ಜಾರಿ ಒಮ್ಮೆ ಬಿದ್ದ. ಬಿದ್ದದ್ದನ್ನು ಉರುಳುಸೇವೆ ಎಂದುಕೊಂಡು ಮೂವರು ಕೈಮುಗಿದರು. ಅದೇ ಬೀದಿಯ ಪುಟ್ಟಮಲ್ಲಮ್ಮನ ಎಮ್ಮೆಯೊಂದು ಪರಿಚಿತ ವಾಸನೆ ಹಿಡಿದು ಗೂಟ ಕಿತ್ತುಕೊಂಡು ಅವನ ಹಿಂದೆ ಬಂತು. ಹತ್ತು ಮನೆ ದಾಟುವಷ್ಟರಲ್ಲಿ ಹೂಳು ಮೂಗು ದಾಟಿ ಬಾಯಿಗೆ ಇಳಿಯಿತು. ಅಲ್ಲಿಗೆ ಅವನ ತಾಳ್ಮೆ ಮುಗಿಯಿತು. ನಡುಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಕೆಸ್ರು" ಎಂದ ಶಾಂತರಾಜು. "ಇದು ಕೆಸ್ರು ಕಣ್ರಪ್ಪ. ಆ ಫೋಟೋದಲ್ಲಿರೋದೂ ಕೆಸ್ರೇ. ನಮ್ಮ ಷಡ್ಡಕ ರಮ್ಮು ಕುಡ್ದು ಕುಣೀತಾವ್ನೆ. ಅಲ್ಲಿ ಯಾವ್ ಜಾಗರಣೆನೂ ಇಲ್ಲ, ಕಾವಡೀನೂ ಇಲ್ಲ. ನಾನ್ ಯೋಳಿದ್ದೆಲ್ಲ ಸುಳ್ಳು."

ಡ್ರಮ್ಮು ನಿಂತಿತು. ಶಾಂತರಾಜು ಕಣ್ಣು ಮುಚ್ಚಿಕೊಂಡು ಮಗಳ ಬಾಳು ಮುಳುಗುವ ಸದ್ದಿಗೆ ಕಾದ.

"ಮೈಮೇಲೆ ಬಂತು" ಎಂದ ಶಿವರುದ್ರಸ್ವಾಮಿ. "ದೇವರ ಮಾತು ಒಗಟಾಗೇ ಇರ್ತದೆ. ಕೆಸ್ರು ಅಂದ್ರೆ ಸಂಸಾರ. ಸಂಸಾರ ಕೆಸ್ರು ಅಂತ ಅಪ್ಪಣೆ ಆಗ್ತಾ ಅದೆ."

"ಅಲ್ಲ ಕಣಯ್ಯ, ಕೆರೆ ಕೆಸ್ರು" ಎಂದ ಶಾಂತರಾಜು.

"ಕೆರೆ ಅಂದ್ರೆ ಭವಸಾಗರ" ಎಂದು ಸಾಹೇಬರು ಬರೆದುಕೊಂಡರು.

ಪುಟ್ಟಮಲ್ಲಮ್ಮ ನುಗ್ಗಿ ಬಂದು ಕಾಲಿಗೆ ಬಿದ್ದಳು. "ಸ್ವಾಮಿ, ಈ ಎಮ್ಮೆ ಯಾವಾಗ ಗಬ್ಬ ಆಯ್ತದೆ, ಅಪ್ಪಣೆ ಆಗ್ಲಿ."

"ನಂಗೇನಮ್ಮ ಗೊತ್ತು" ಎಂದ ಶಾಂತರಾಜು, ಅಳುವ ದನಿಯಲ್ಲಿ.

"ತಡ ಆಯ್ತದಂತೆ" ಎಂದು ಪುಟ್ಟಮಲ್ಲಮ್ಮ ಪಕ್ಕದವಳಿಗೆ ಹೇಳಿ ಕಣ್ಣೊರೆಸಿಕೊಂಡಳು. ಇಷ್ಟು ದಿನ ಆಡಿದ ಸುಳ್ಳನ್ನೆಲ್ಲ ನಿಜವೆಂದು ನಂಬಿದ ಊರು, ಅವನು ಆಡಿದ ಒಂದು ನಿಜವನ್ನು ಮಾತ್ರ ನಂಬಲು ತಯಾರಿರಲಿಲ್ಲ. ಇನ್ನೂ ನಾಲ್ಕು ಜನ ತಮ್ಮ ತಮ್ಮ ಪ್ರಶ್ನೆ ಹಿಡಿದು ಸಾಲು ನಿಂತರು.

ದೊಡ್ಡಸಿದ್ದಯ್ಯನವರು ಕೋಲಿನಿಂದ ಸಾಲು ಸರಿಸಿ ಬಂದು ಅವನ ಪಕ್ಕ ಬಗ್ಗಿದರು. "ಏಳಪ್ಪ" ಎಂದರು ಮೆಲ್ಲಗೆ. "ಇವತ್ತು ನಿನ್ನ ಬಾಯಿಂದ ನಿಜ ಬಂತು, ಅಷ್ಟು ಸಾಕು. ನಂಗ್ ಮೊದ್ಲೇ ಗೊತ್ತು. ನಾವು ನಿಮ್ಮನೆಗೆ ಬಂದ ಮಾರನೆ ದಿನವೇ ನಿನ್ನ ಮಗಳು ಕುಮಾರನಿಗೆ ಫೋನ್ ಮಾಡಿ ಎಲ್ಲ ಒಪ್ಪಿಸ್ಬುಟ್ಲು. ಕೆಸ್ರು, ರಮ್ಮು, ಗರಿ, ನಿನ್ನ ಹೆಬ್ಬೆಟ್ಟಿನ ಕೆಳಗಿರೋ ಅಮ್ಮನ್ನೂ ಸೇರಿಸಿ. 'ನಮ್ಮಪ್ಪ ಕೆಟ್ಟೋರಲ್ಲ, ಬಾಯಿ ಒಂದ್ ನಿಲ್ಲಾಕಿಲ್ಲ, ಇದನ್ ಮುಚ್ಚಿಟ್ಟು ಮದ್ವೆ ಆಗಾಕೆ ನಂಗಿಷ್ಟ ಇಲ್ಲ' ಅಂದ್ಲಂತೆ. ಇವನು ಬಂದು ನಂಗ್ ಯೋಳ್ದ."

ಶಾಂತರಾಜು ಕಣ್ಣಿಂದ ಹೂಳು ಒರೆಸಿಕೊಂಡು ನೋಡಿದ. "ಅಂಗಾದ್ರೆ ಇದೆಲ್ಲ ಯಾಕೆ ಯಜಮಾನ್ರೆ?"

"ತಪ್ಪು ಕಾಣಿಕೆ" ಎಂದರು ದೊಡ್ಡಸಿದ್ದಯ್ಯನವರು. "ಆ ಊರ ಜನ ಕೆಸ್ರು ಅಂತ ಯೋಳೇ ಕೆಸ್ರು ಬಳ್ಕಂಡು ಸಂತೋಸವಾಗ್ ಕುಣೀತಾವ್ರೆ, ಅವರಿಗ್ ಯಾವ ಪಾಪನೂ ಇಲ್ಲ. ನೀನು ಅದ್ಕೆ ನಮ್ಮ ಮಾದಪ್ಪನ ವಿಭೂತಿ ಹೆಸ್ರು ಇಟ್ಟೆ. ಬುಟ್ಟುಬುಡಾಕಾಯ್ತದಾ? ನಾನೂ ಅವತ್ತು ಆ ಕೆಸ್ರನ್ನ ಕಣ್ಣಿಗೊತ್ಕಂಡಿವ್ನಿ, ಅದ್ನೂ ನೆನಿಸ್ಕೊ. ಈಗ ಸರಿಹೋಯ್ತು. ನಿಜ ಆಡೋ ಹೆಣ್ಣು ನಮ್ಮನೆಗೆ ಬತ್ತಾ ಅದೆ, ನಂಗ್ ಬೇರೇನ್ ಬೇಕು. ಮೈ ತೊಳ್ಕಂಡ್ ಬಾ, ವೀಳ್ಯಕ್ಕೆ ಹೊತ್ತಾಯ್ತದೆ."

ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಶಾಂತರಾಜುವನ್ನು ಕೂರಿಸಿದರು. ಶಿವನಂಜಮ್ಮ ಹಂಡೆಯ ಪಕ್ಕ ಚೊಂಬು ಹಿಡಿದು ನಿಂತು, ಒಂದು ಚೊಂಬಿಗೆ ಒಂದು ಬೈಗುಳದಂತೆ ನೀರು ಹೊಯ್ಯುತ್ತಿದ್ದಳು. ಬೀಗರು, ನೆಂಟರು ಸುತ್ತ ನಿಂತು ನಗುತ್ತಿದ್ದರು. ಹೊರಗೆ ಎಮ್ಮೆಯನ್ನು ಹಿಡಿದು ಕಟ್ಟುವ ಗಲಾಟೆ. ಬೀದಿಯಲ್ಲಿ ಶಿವರುದ್ರಸ್ವಾಮಿ ಮುಂದಿನ ವರ್ಷದ ಭಸ್ಮ ಕುಣಿತಕ್ಕೆ ಮಂತ್ರಿಗಳನ್ನೇ ಕರೆಸುವುದಾಗಿ ಮೈಕಿನಲ್ಲಿ ಘೋಷಿಸುತ್ತಿದ್ದ.

ಆಗ ಕೋಮಲಳ ಕೈಯಲ್ಲಿದ್ದ ಅಪ್ಪನ ಮೊಬೈಲು ಟಿಂಗೆಂದಿತು. ಪದ್ಮಿನಿಯ ಧ್ವನಿ ಹಿತ್ತಲಿಗೆಲ್ಲ ಕೇಳಿಸಿತು. "ಭಾವ, ಕೋಮಲ ಕಳ್ಸಿದ ನಿಮ್ಮ ವಿಡಿಯೋ ಇಲ್ಲಿ ನಮ್ಮೋರ ಸ್ನೇಹಿತರಿಗೆಲ್ಲ ತೋರ್ಸುದ್ವಿ. ಎಲ್ಲಾರ್ಗೂ ಬಲೇ ಸಂತೋಸ. ಕೆಸ್ರು ಅದೆ, ಡ್ರಮ್ಮು ಅದೆ, ಥೇಟ್ ನಮ್ಮ ಕಾರ್ನಿವಲ್ಲೇ, ಕೊಳ್ಳೇಗಾಲದಲ್ಲಿ ಇದು ಎಷ್ಟು ವರ್ಷದಿಂದ ನಡೀತಾ ಅದೆ ಅಂತ ಕೇಳ್ತಾವ್ರೆ. ಏನ್ ಯೋಳ್ಲಿ?"

ಎಲ್ಲರ ಕಣ್ಣೂ ಶಾಂತರಾಜುವಿನ ಮೇಲೆ ನೆಟ್ಟವು. ಅವನು ಬೆನ್ನು ನೆಟ್ಟಗೆ ಮಾಡಿದ. ಗಂಟಲು ಸರಿಮಾಡಿಕೊಂಡ. ಉತ್ತರ ಕೊಡಲೆಂದು ಬಾಯಿ ತೆರೆದ.

ಶಿವನಂಜಮ್ಮ ತುಂಬಿದ ಚೊಂಬನ್ನು ಎತ್ತಿ, ಸರಿಯಾಗಿ ಆ ಬಾಯಿಗೇ ಹೊಯ್ದಳು.